ಅಂಗಳದಿಂದ ಹೆರಿಗೆ ಮಂಚದವರೆಗೆ: ಉತ್ತರ ಘಾನಾದ ಹಳ್ಳಿಯಲ್ಲಿ ತಾಯಿ-ಮಗುವಿನ ಆರೈಕೆ ಸುಧಾರಿಸುವುದು ಹೇಗೆ

ಆಗಸ್ಟ್ ತಿಂಗಳ ಒಂದು ರಾತ್ರಿ ಅಂದುಕೊಳ್ಳಿ. ಜಾಗ ಉತ್ತರ ಘಾನಾ, ಬುರ್ಕಿನಾ ಫಾಸೊ ಗಡಿ ಹತ್ತಿರದ ಒಂದು ಹಳ್ಳಿ. ಮಣ್ಣಿನ ಗೋಡೆಯ ಐದಾರು ಕೋಣೆ, ನಡುವೆ ಅಂಗಳ, ಸುತ್ತಲೂ ಆಳೆತ್ತರ ಬೆಳೆದ ಸಜ್ಜೆ. ಸೊಸೆಗೆ ಹೆರಿಗೆ ನೋವು ಶುರುವಾಗಿದೆ. ಗಂಡ ದಕ್ಷಿಣದ ಕುಮಾಸಿ ಊರಲ್ಲಿ ಕೆಲಸದಲ್ಲಿದ್ದಾನೆ. ತೀರ್ಮಾನ ಮಾಡಬೇಕಾದವನು ಮಾವ. ಅವನನ್ನು ಎಬ್ಬಿಸೋದಕ್ಕೆ ಅತ್ತೆ ಹಿಂದೆಮುಂದೆ ನೋಡುತ್ತಿದ್ದಾಳೆ. ಆರೋಗ್ಯ ಕೇಂದ್ರ ಏಳು ಕಿಲೋಮೀಟರ್ ದೂರ. ನಡುವಿನ ಹಳ್ಳ ಸಂಜೆಯಿಂದ ತುಂಬಿ ಹರಿಯುತ್ತಿದೆ. ಊರಲ್ಲಿ ಬೈಕ್ ಇರುವ ಮನೆ ಒಂದಿದೆ, ಬೈಕಿನಲ್ಲಿ ಪೆಟ್ರೋಲ್ ಇಲ್ಲ.

ಇಲ್ಲಿ ಆರೋಗ್ಯ ಕೇಂದ್ರ ಇದೆ. ನರ್ಸ್ ಇದ್ದಾಳೆ. ಔಷಧವೂ ಇರಬಹುದು. ಅಂಗಳಕ್ಕೂ ಆ ಕೇಂದ್ರಕ್ಕೂ ನಡುವೆ ಏನಿದೆಯೋ ಅದೇ ಕೈಕೊಟ್ಟಿದೆ.

ಪಶ್ಚಿಮ ಆಫ್ರಿಕಾಕ್ಕೆ ಸೇವೆಗೆ ಅಂತ ಹೋಗುವವರಲ್ಲಿ ಬಹಳ ಜನ ಮೊದಲು ಕಟ್ಟಡ ಕಟ್ಟುತ್ತಾರೆ. ಫೋಟೋ ಚೆನ್ನಾಗಿ ಬರುತ್ತೆ, ಅಲ್ವಾ? ನನ್ನ ಪ್ರಕಾರ ಕಟ್ಟಡ ಕೊನೆಯ ಕೆಲಸ. ಅಲ್ಲಿಗೆ ಹೊರಟಿರುವ ನರ್ಸ್‌ಗಳು, ವೈದ್ಯರು, ಸಣ್ಣ ಸಂಸ್ಥೆಗಳನ್ನು ನಡೆಸುವ ಕನ್ನಡಿಗರು, ಇಲ್ಲಿ ಕೂತು ಅಂಥ ಕೆಲಸಕ್ಕೆ ಹಣ ಕೊಡುವವರು, ಇವರಿಗಾಗಿ ಇದನ್ನು ಬರೆದಿದ್ದೇನೆ. ಮುಖ್ಯವಾಗಿ ಉತ್ತರ ಘಾನಾವನ್ನೇ ಇಟ್ಟುಕೊಂಡಿದ್ದೇನೆ. ಬೇಕಾದ ಕಡೆ ಸೆನೆಗಲ್, ಸಿಯೆರಾ ಲಿಯೋನ್, ನೈಜೀರಿಯಾಗಳಿಂದ ಒಂದೊಂದು ಉಪಾಯ ಎರವಲು ತಂದಿದ್ದೇನೆ. ಔಷಧದ ವಿಷಯ ಬಂದಾಗ ಆಯಾ ದೇಶದ ಆರೋಗ್ಯ ಇಲಾಖೆಯ ನಿಯಮವೇ ಕೊನೆಯ ಮಾತು. ಇದನ್ನು ಓದಿ ಯಾರೂ ಚುಚ್ಚುಮದ್ದು ಹಿಡಿಯಬೇಡಿ.

ಸಮಸ್ಯೆ ಎಷ್ಟು ದೊಡ್ಡದು? 2023ರಲ್ಲಿ ಜಗತ್ತಿನಲ್ಲಿ ಬಸುರಿ-ಬಾಣಂತಿಯರ ಸಾವು ಸುಮಾರು 2,60,000 ಅಂತ ವಿಶ್ವಸಂಸ್ಥೆಯ ಅಂದಾಜು. ಅದರಲ್ಲಿ ಹತ್ತಿರ ಹತ್ತಿರ ನೂರಕ್ಕೆ 70 ಭಾಗ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾದ್ದು. ನೈಜೀರಿಯಾ ಒಂದರಲ್ಲೇ ಕಾಲು ಭಾಗಕ್ಕಿಂತ ಜಾಸ್ತಿ. ಆದರೆ ಇಳಿಸೋಕೆ ಆಗುತ್ತೆ. ಸಿಯೆರಾ ಲಿಯೋನ್‌ನ 2013ರ ಸಮೀಕ್ಷೆಯಲ್ಲಿ ಲಕ್ಷ ಹೆರಿಗೆಗೆ 1,165 ತಾಯಂದಿರು ಸಾಯುತ್ತಿದ್ದರು. 2019ರ ಹೊತ್ತಿಗೆ 717ಕ್ಕೆ ಬಂತು. ನಡುವೆ ಎಬೋಲಾ ಬಂದು ಎಷ್ಟೋ ನರ್ಸ್‌ಗಳನ್ನೇ ಹೊತ್ತೊಯ್ದಿತ್ತು. ಆದರೂ ಇಳಿಯಿತು.

1. ಮೊದಲು ನಡೆಯಿರಿ

ಊರಿನ ಅತಿ ದೂರದ ಮನೆಯಿಂದ ಆರೋಗ್ಯ ಕೇಂದ್ರದವರೆಗೆ ಒಂದು ಸಲ ನಡೆದು ಹೋಗಿ. ಜೀಪಿನಲ್ಲಿ ಬೇಡ, ಕಾಲ್ನಡಿಗೆಯಲ್ಲೇ. ಸಾಧ್ಯವಾದರೆ ಮಳೆಗಾಲದಲ್ಲಿ. ತುಂಬಿದ ಬಸುರಿ ಒಬ್ಬಳು ನಡೆಯುವ ವೇಗದಲ್ಲಿ. ಎಲ್ಲಿ ಹಳ್ಳ ಅಡ್ಡ ಬರುತ್ತದೆ, ಎಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ, ಎಲ್ಲಿ ಬೈಕ್ ಹೂತುಹೋಗುತ್ತದೆ, ಎಲ್ಲಾ ಬರೆದುಕೊಳ್ಳಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಮಳೆಯಲ್ಲಿ ಪೆನ್ ಕೈಕೊಡುತ್ತೆ.

ಆಮೇಲೆ ಮನೆ ಮನೆಗೆ ಹೋಗಿ ಕಳೆದ ಎರಡು ವರ್ಷದ ಲೆಕ್ಕ ಕೇಳಿ. ಎಷ್ಟು ಹೆರಿಗೆ ಆಯಿತು, ಎಲ್ಲಿ ಆಯಿತು, ಯಾವ ಮಗು ಉಳಿಯಲಿಲ್ಲ, ಯಾವ ತಾಯಿ ಉಳಿಯಲಿಲ್ಲ. ಸಾವಿನ ವಿಷಯ ಕೇಳುವಾಗ ಪೊಲೀಸ್ ತರ ಕೇಳಬೇಡಿ. ‘ಆ ದಿನ ಬೆಳಗ್ಗೆ ಅವಳು ಹೇಗಿದ್ದಳು?’ ಅಂತ ಶುರು ಮಾಡಿ. ಕತೆ ತಾನಾಗಿ ಬರುತ್ತದೆ.

ಆ ಕತೆಯಲ್ಲಿ ಮೂರು ಕಡೆ ಹೊತ್ತು ಹೋಗಿರುವುದು ಕಾಣಿಸುತ್ತದೆ. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನ ಮಾಡೋದರಲ್ಲಿ ತಡ. ದಾರಿಯಲ್ಲಿ ತಡ. ಅಲ್ಲಿಗೆ ಹೋದಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಸೆರೀನ್ ಥಡ್ಡಿಯಸ್ ಮತ್ತು ಡೆಬೋರಾ ಮೇಯ್ನ್ ಎಂಬ ಇಬ್ಬರು ಸಂಶೋಧಕರು 1994ರಲ್ಲಿ ಇದನ್ನು ‘ಮೂರು ವಿಳಂಬ’ ಅಂತ ವಿವರಿಸಿದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ನಿಮ್ಮ ಊರಿನ ಪ್ರತಿ ಸಾವನ್ನೂ ಈ ಮೂರರಲ್ಲಿ ಒಂದಕ್ಕೋ ಎರಡಕ್ಕೋ ಹಾಕಿ ನೋಡಿ. ಎಲ್ಲಿ ಜಾಸ್ತಿ ಬಂತೋ ಅಲ್ಲಿಂದ ಕೆಲಸ ಶುರು.

2. ದರ್ಬಾರಿಗೆ ಹೋಗಿ, ಅದೇ ಸಾಕು ಅಂದುಕೊಳ್ಳಬೇಡಿ

ಘಾನಾದಲ್ಲಿ ಊರಿನ ಮುಖ್ಯಸ್ಥರ ಮುಂದೆ ನಡೆಯುವ ಸಭೆಗೆ ‘ದರ್ಬಾರ್’ ಅಂತಲೇ ಹೆಸರು. ಹೌದು, ನಮ್ಮ ಮೈಸೂರಿನ ದರ್ಬಾರೇ! ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯಿಂದ ಅಲ್ಲಿಗೆ ಹೋದ ಪದ. ಊರಿನಲ್ಲಿ ಏನೇ ಮಾಡುವುದಿದ್ದರೂ ಮೊದಲು ಮುಖ್ಯಸ್ಥರನ್ನು ಕಾಣಬೇಕು. ಬರಿಗೈಲಿ ಹೋಗುವುದು ಸರಿಯಲ್ಲ. ನಾವು ಎಲೆ-ಅಡಿಕೆ ಹಿಡಿದು ಹೋಗುವಂತೆ ಅಲ್ಲಿ ಕೋಲಾ ಕಾಯಿ ಕೊಡುತ್ತಾರೆ. ಉತ್ತರದ ‘ಅಪ್ಪರ್ ಈಸ್ಟ್’ ಎಂಬ ಪ್ರಾಂತ್ಯದ ಕಡೆ ಭೂಮಿಪೂಜೆಯ ಹಿರಿಯ ಒಬ್ಬನಿರುತ್ತಾನೆ, ಅವನಿಗೆ ‘ತಿಂದಾನ’ ಅನ್ನುತ್ತಾರೆ. ಜಾಗದ ವಿಷಯ ಬಂದರೆ ಅವನ ಮಾತೂ ಬೇಕು.

ದರ್ಬಾರಿನಲ್ಲಿ ಎಲ್ಲರೂ ‘ಆಗಲಿ’ ಅಂದರು ಅಂತ ಖುಷಿಪಡಬೇಡಿ. ಅಲ್ಲಿ ಮಾತಾಡುವವರು ಗಂಡಸರು. ಹೆಂಗಸರು ಹಿಂದೆ ಕೂತು ಕೇಳುತ್ತಾರೆ. ಅವರ ಮಾತು ಬೇಕಿದ್ದರೆ ಬೋರ್‌ವೆಲ್ ಹತ್ತಿರ ಹೋಗಿ. ಬೆಣ್ಣೆ ತೆಗೆಯಲು ಶಿಯಾ ಮರದ ಬೀಜ ಕುಟ್ಟುವ ಕಡೆ ಕೂತುಕೊಳ್ಳಿ. ಮೂರು ದಿನಕ್ಕೊಮ್ಮೆ ಸೇರುವ ಸಂತೆಗೆ ಹೋಗಿ. ಹೆಂಗಸರ ಗುಂಪಿಗೆ ಒಬ್ಬ ಮುಂದಾಳು ಇರುತ್ತಾಳೆ, ‘ಮಗಾಜಿಯಾ’ ಅಂತ ಕರೆಯುತ್ತಾರೆ. ಅವಳ ಮನಸ್ಸು ಗೆದ್ದರೆ ಅರ್ಧ ಕೆಲಸ ಆದಂತೆ.

ಸೆನೆಗಲ್‌ನಲ್ಲಿ ಇದನ್ನೇ ಒಂದು ಸರ್ಕಾರಿ ಯೋಜನೆ ಮಾಡಿದ್ದಾರೆ. ಹೆಸರು ‘ಬಾಜೆನು ಗೊಖ್’. ವೊಲೊಫ್ ಭಾಷೆಯಲ್ಲಿ ಅದರ ಅರ್ಥ ‘ಕೇರಿಯ ಸೋದರತ್ತೆ’. ಸೋದರತ್ತೆ ಅಂದರೆ ಅಲ್ಲೂ ನಮ್ಮಲ್ಲಿಯಂತೆ ಗದರುವ, ಬುದ್ಧಿ ಹೇಳುವ, ಶುಭಕಾರ್ಯದಲ್ಲಿ ಮುಂದೆ ನಿಲ್ಲುವ ಹಕ್ಕಿರುವವಳು. ಕೇರಿಗೊಬ್ಬ ಅಂಥ ಹಿರಿಯಳನ್ನು ಆರಿಸಿ, ಬಸುರಿಯರನ್ನು ತಪಾಸಣೆಗೆ ಕರೆತರುವ, ಗಂಡನ ಮನೆಯವರಿಗೆ ತಿಳಿಹೇಳುವ ಕೆಲಸ ಕೊಟ್ಟರು. ಹೊರಗಿನಿಂದ ಬಂದ ನಾವು ಹತ್ತು ಸಲ ಹೇಳಿದರೂ ಒಪ್ಪದ ಮಾವ, ಸೋದರತ್ತೆ ಅಂಗಳಕ್ಕೆ ಬಂದು ಕೂತರೆ ಒಪ್ಪುತ್ತಾನೆ.

ಗಂಡಸರನ್ನು ಬಿಟ್ಟರೂ ನಡೆಯಲ್ಲ. ನೈಜರ್ ದೇಶದ ಜಿಂಡೆರ್ ಪ್ರಾಂತ್ಯದಲ್ಲಿ 2007ರಿಂದ ‘ಗಂಡಂದಿರ ಶಾಲೆ’ ಅಂತ ನಡೆಸುತ್ತಿದ್ದಾರೆ. ಹೆಂಡತಿಯನ್ನು ತಪಾಸಣೆಗೆ ಕಳಿಸುವ ಗಂಡಸರೇ ಸೇರಿ, ಕಳಿಸದವರ ಜೊತೆ ಮಾತಾಡುತ್ತಾರೆ.

3. ನರ್ಸ್ ಊರಲ್ಲೇ ಇರಲಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ.

ಉತ್ತರ ಘಾನಾದ ನವ್ರೊಂಗೊ ಎಂಬ ಊರಲ್ಲಿ 1994ರಲ್ಲಿ ಒಂದು ಪ್ರಯೋಗ ಶುರುವಾಯಿತು. ಆಗ ಸರ್ಕಾರಿ ನರ್ಸ್‌ಗಳು ದೂರದ ಕೇಂದ್ರಗಳಲ್ಲಿ ಕೂತಿರುತ್ತಿದ್ದರು. ಜನ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲವು ಕಡೆ ಈ ನರ್ಸ್‌ಗಳನ್ನು ಹಳ್ಳಿಯೊಳಗೇ ವಾಸಕ್ಕೆ ಕಳಿಸಿದರು. ಊರಿನವರೇ ಕೈಜೋಡಿಸಿ ಮನೆ ಕಟ್ಟಿಕೊಟ್ಟರು. ನರ್ಸ್‌ಗೆ ಬೈಕ್ ಕೊಟ್ಟು ಮನೆ ಮನೆ ಸುತ್ತಲು ಹೇಳಿದರು. ಇನ್ನು ಕೆಲವು ಕಡೆ ನರ್ಸ್ ಇಲ್ಲದೆ, ಊರಿನ ಸ್ವಯಂಸೇವಕರಿಗೆ ಮಾತ್ರ ತರಬೇತಿ ಕೊಟ್ಟು ಬಿಟ್ಟರು. ಅದಕ್ಕೆ ಇಟ್ಟ ಹೆಸರು ‘ಜುರುಗೆಲು’, ಒಗ್ಗಟ್ಟು ಅಂತ ಅರ್ಥ.

ಫಲಿತಾಂಶ ನೋಡಿ. ನರ್ಸ್ ವಾಸವಿದ್ದ ಕಡೆ ಮಕ್ಕಳ ಸಾವು ಮೂರು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಬರೀ ಸ್ವಯಂಸೇವಕರಿದ್ದ ಕಡೆ ಮಕ್ಕಳ ಸಾವು ಇಳಿಯಲೇ ಇಲ್ಲ. 1999ರಲ್ಲಿ ಘಾನಾ ಸರ್ಕಾರ ಇದನ್ನು ದೇಶದ ನೀತಿ ಮಾಡಿಕೊಂಡಿತು. ಈಗ ಸುಮಾರು 5,000 ಜನಕ್ಕೆ ಒಂದರಂತೆ ಇಂಥ ನೆಲೆ ಇರಬೇಕು ಅನ್ನುವುದು ಲೆಕ್ಕ. ಅಲ್ಲಿಯವರು ಅದನ್ನು ‘ಚಿಪ್ಸ್’ ಅನ್ನುತ್ತಾರೆ. ತಿನ್ನುವ ಚಿಪ್ಸ್ ಅಲ್ಲ, ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.

‘ಊರಿನವರಿಗೇ ಎರಡು ದಿನ ತರಬೇತಿ ಕೊಟ್ಟರೆ ಸಾಕು, ಅಗ್ಗ’ ಅಂತ ಯಾರಾದರೂ ಹೇಳಿದರೆ ನವ್ರೊಂಗೊ ನೆನಪಿಸಿ. ಸ್ವಯಂಸೇವಕರು ಬೇಕು, ನರ್ಸ್ ಜೊತೆಗೆ ಬೇಕು. ಮತ್ತೆ ದುಡಿಮೆಗೆ ದುಡ್ಡು ಕೊಡಬೇಕು. ಹತ್ತಿರದ ಲೈಬೀರಿಯಾದಲ್ಲಿ 2016ರಿಂದ ದೂರದ ಹಳ್ಳಿಗಳ ಆರೋಗ್ಯ ಸಹಾಯಕರಿಗೆ ತಿಂಗಳಿಗೆ 70 ಡಾಲರ್ ಕೊಡುವ ವ್ಯವಸ್ಥೆ ಮಾಡಿದರು. ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಕೂತ ಆಶಾ ಕಾರ್ಯಕರ್ತೆಯರನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನರ್ಸ್ ಊರಲ್ಲಿ ಉಳಿಯಬೇಕಾದರೆ ಏನೇನು ಬೇಕು? ಭದ್ರವಾದ ಚಿಲಕ ಇರುವ ಬಾಗಿಲು. ಹತ್ತಿರದಲ್ಲಿ ನೀರು. ಸ್ವಂತ ಪಾಯಿಖಾನೆ. ಸೋಲಾರ್ ದೀಪ. ಫೋನ್ ಚಾರ್ಜ್ ಮಾಡಲು ಜಾಗ. ತಿಂಗಳಿಗೆ ಒಂದೆರಡು ದಿನ ಪೇಟೆಗೆ ಹೋಗಿಬರಲು ರಜೆ. ಬೈಕಿಗೆ ಪೆಟ್ರೋಲ್, ಮತ್ತು ಟೈರ್! ದಾನಿಗಳು ಹೊಸ ಬೈಕ್ ಕೊಡುತ್ತಾರೆ, ಟೈರಿಗೆ ದುಡ್ಡು ಕೊಡುವವರು ಯಾರೂ ಇಲ್ಲ. ವರ್ಷದ ಲೆಕ್ಕದಲ್ಲಿ ಟೈರ್, ಚೈನ್, ಆಯಿಲ್ ಅಂತ ಮೊದಲೇ ಬರೆದಿಡಿ. ಭಾಷೆಯೂ ಗಮನಿಸಿ. ಒಂದೇ ಜಿಲ್ಲೆಯಲ್ಲಿ ಕಾಸೆಮ್ ಆಡುವವರೂ ನಂಕಾಮ್ ಆಡುವವರೂ ಇದ್ದಾರೆ. ದಕ್ಷಿಣದಿಂದ ಬಂದ ನರ್ಸ್‌ಗೆ ಎರಡೂ ಬರಲ್ಲ. ಮೊದಲ ಕೆಲವು ತಿಂಗಳು ಒಬ್ಬ ಹೆಂಗಸು ಜೊತೆಗಿದ್ದು ಮಾತು ದಾಟಿಸಲಿ. ಗಂಡಸು ಬೇಡ, ಬಸುರಿನ ವಿಷಯ ಗಂಡಸಿನ ಬಾಯಲ್ಲಿ ದಾಟಿ ಬರಲ್ಲ.

4. ಬಸುರಿಯ ತಪಾಸಣೆ: ಮೂರು ಮಾತ್ರೆ, ಒಂದು ಲೋಟ ನೀರು

ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಬಸುರಿಗೆ ಎಂಟು ಭೇಟಿ ಬೇಕು ಅನ್ನುತ್ತದೆ. ಮೊದಲಿದ್ದದ್ದು ನಾಲ್ಕು. ಮೊದಲ ಭೇಟಿ ಮೂರು ತಿಂಗಳೊಳಗೆ ಆಗಬೇಕು. ತೊಂದರೆ ಇಲ್ಲೇ ಶುರು. ಮೊದಲ ತಿಂಗಳುಗಳಲ್ಲಿ ಯಾರೂ ಹೇಳಲ್ಲ. ದೃಷ್ಟಿ ಬೀಳುತ್ತೆ, ಆಗದವರು ಏನಾದರೂ ಮಾಡಿಸುತ್ತಾರೆ ಅನ್ನುವ ಭಯ. ಕೆಲವು ಮನೆತನಗಳಲ್ಲಿ ಹಿರಿಯರು ಶಾಸ್ತ್ರ ಮಾಡಿ ಹೇಳುವವರೆಗೆ ಮೊದಲ ಬಸುರು ಗುಟ್ಟು. ‘ಮೂಢನಂಬಿಕೆ’ ಅಂತ ಮೂಗು ಮುರಿಯಬೇಡಿ, ನಮ್ಮ ಮನೆಗಳಲ್ಲೂ ಮೂರು ತಿಂಗಳು ತುಂಬದೆ ಹೇಳಲ್ಲ ಅಲ್ವಾ? ದಾರಿ ಹುಡುಕಿ. ಬಸುರಿಯರ ದಿನ ಅಂತ ಬೇರೆ ಇಡಬೇಡಿ, ಆ ದಿನ ಕೇಂದ್ರಕ್ಕೆ ಹೋದವಳು ಬಸುರಿ ಅಂತ ಊರಿಗೆಲ್ಲಾ ಗೊತ್ತಾಗುತ್ತೆ. ಮಕ್ಕಳ ತೂಕ ನೋಡುವ ದಿನವೇ ಇದನ್ನೂ ಸೇರಿಸಿ. ಯಾರು ಯಾಕೆ ಬಂದರು ಅಂತ ಯಾರಿಗೂ ಗೊತ್ತಾಗಲ್ಲ.

ಭೇಟಿಯಲ್ಲಿ ಬಿಪಿ ನೋಡಬೇಕು, ರಕ್ತಹೀನತೆ ನೋಡಬೇಕು, ಮೂತ್ರ ಪರೀಕ್ಷೆ, ಎಚ್‌ಐವಿ ಪರೀಕ್ಷೆ, ಧನುರ್ವಾಯು ತಡೆಯುವ ಚುಚ್ಚುಮದ್ದು. ಇವೆಲ್ಲ ನಮ್ಮ ತಾಯಿ ಕಾರ್ಡ್ ನೋಡಿದವರಿಗೆ ಗೊತ್ತಿರುವುದೇ. ಹೊಸದು ಮಲೇರಿಯಾ. ಅಲ್ಲಿ ಬಸುರಿಗೆ ಮಲೇರಿಯಾ ಬಂದರೆ ಜ್ವರವೇ ಕಾಣದೆ ಇರಬಹುದು. ರೋಗಾಣು ಮಾಸಿನಲ್ಲಿ, ಅಂದರೆ ಮಗುವಿಗೆ ಆಹಾರ ಹೋಗುವ ಜಾಗದಲ್ಲೇ ಕೂತಿರುತ್ತದೆ. ತಾಯಿಗೆ ರಕ್ತ ಕಡಿಮೆ, ಮಗುವಿಗೆ ತೂಕ ಕಡಿಮೆ. ಅದಕ್ಕೇ ಜ್ವರ ಇರಲಿ ಬಿಡಲಿ, ನಾಲ್ಕನೇ ತಿಂಗಳಿಂದ ಹೆರಿಗೆವರೆಗೆ, ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ಎಸ್‌ಪಿ ಎಂಬ ಔಷಧ ಕೊಡುತ್ತಾರೆ. ಒಂದು ಸಲಕ್ಕೆ ಮೂರು ಮಾತ್ರೆ. ಕನಿಷ್ಠ ಮೂರು ಸಲ ಆಗಬೇಕು.

ನಿಯಮ ಏನೆಂದರೆ, ನರ್ಸ್ ಎದುರಿಗೇ ನುಂಗಬೇಕು. ಈಗ ಆ ಮೇಜಿನ ಮುಂದೆ ನಿಂತು ನೋಡಿ. ಮೇಜಿನ ಮೇಲೆ ಮಾತ್ರೆ ಇದೆ. ನೀರು ಇಲ್ಲ. ನೀರಿದ್ದರೆ ಲೋಟ ಇಲ್ಲ. ಲೋಟ ಒಂದಿದ್ದರೆ ಹಿಂದಿನವಳು ಕುಡಿದ ಲೋಟ. ಬೆಳಗ್ಗೆಯಿಂದ ಏನೂ ತಿನ್ನದೆ ನಡೆದು ಬಂದವಳಿಗೆ ಆ ಕಹಿ ಮಾತ್ರೆ ನುಂಗಿದರೆ ವಾಂತಿ ಬರುತ್ತೆ. ಕೊನೆಗೆ ನರ್ಸ್ ಅದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ. ಅದು ಸೆರಗಿನ ಗಂಟಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಹಾಗಾಗಿ ನಲ್ಲಿ ಇರುವ ಒಂದು ಮುಚ್ಚಿದ ನೀರಿನ ಡ್ರಮ್, ಒಂದು ಡಜನ್ ಸ್ಟೀಲ್ ಲೋಟ, ಒಂದು ಬಿಸ್ಕತ್ ಪೊಟ್ಟಣ ಇಡಿ. ಎಷ್ಟೋ ಲಕ್ಷದ ಯೋಜನೆಗಿಂತ ಈ ಲೋಟ ಜಾಸ್ತಿ ಕೆಲಸ ಮಾಡುತ್ತೆ.

ಎರಡು ಎಚ್ಚರಿಕೆ. ಫೋಲಿಕ್ ಆಮ್ಲದ 5 ಮಿಲಿಗ್ರಾಂ ಮಾತ್ರೆ ಎಸ್‌ಪಿಯ ಶಕ್ತಿ ಕೆಡಿಸುತ್ತದೆ. ಬಸುರಿಗೆ ಬೇಕಾದ್ದು 0.4 ಮಿಲಿಗ್ರಾಂ ಅಷ್ಟೇ. ಗೋದಾಮಿನಲ್ಲಿ ಯಾವುದು ಬಂದಿದೆ ಅಂತ ಡಬ್ಬಿ ತಿರುಗಿಸಿ ನೋಡಿ. ಇನ್ನೊಂದು, ಎಚ್‌ಐವಿಗಾಗಿ ಕೋಟ್ರೈಮಾಕ್ಸಜೋಲ್ ತೆಗೆದುಕೊಳ್ಳುತ್ತಿರುವವಳಿಗೆ ಎಸ್‌ಪಿ ಕೊಡಬಾರದು. ಸೊಳ್ಳೆಪರದೆ ಮೊದಲ ಭೇಟಿಯಲ್ಲೇ ಕೊಡಿ. ಮನೆಗೆ ಹೋದಾಗ ಅದು ಕಟ್ಟಿದೆಯಾ, ಇನ್ನೂ ಪ್ಲಾಸ್ಟಿಕ್ ಕವರ್‌ನಲ್ಲೇ ಇದೆಯಾ ನೋಡಿ.

5. ಹೆರಿಗೆಗೆ ಮುಂಚೆ ತೀರ್ಮಾನ, ಚೀಟಿ, ಗಾಡಿ

ಏಳನೇ ತಿಂಗಳಲ್ಲಿ ಅಂಗಳಕ್ಕೆ ಹೋಗಿ ಕೂತುಕೊಳ್ಳಿ. ಬಸುರಿ, ಅತ್ತೆ, ಮಾವ ಎಲ್ಲರೂ ಇರಲಿ. ಗಂಡ ಊರಲ್ಲಿಲ್ಲದಿದ್ದರೆ ಫೋನ್ ಹಚ್ಚಿ ಸ್ಪೀಕರ್ ಹಾಕಿ. ಒಂದೇ ಪ್ರಶ್ನೆ ಮುಖ್ಯ: ‘ನಡುರಾತ್ರಿ ನೋವು ಬಂದರೆ, ಯಾರನ್ನೂ ಕೇಳದೆ ಹೊರಡಲು ಯಾರಿಗೆ ಅಧಿಕಾರ?’ ಆ ಹೆಸರು ಆಗಲೇ ಎಲ್ಲರ ಮುಂದೆ ಹೇಳಿಸಿ. ಮೇಲೆ ಹೇಳಿದ ಆಗಸ್ಟ್ ರಾತ್ರಿಯಲ್ಲಿ ಅತ್ತೆ ಹಿಂಜರಿದಳಲ್ಲ, ಅದಕ್ಕೆ ಔಷಧ ಇದೇ.

ಅಪಾಯದ ಚಿಹ್ನೆಗಳನ್ನೂ ಅಲ್ಲೇ ಹೇಳಿ. ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಮಗು ಆಡದಿರುವುದು, ನೀರು ಒಡೆದು ಬಹಳ ಹೊತ್ತಾದರೂ ನೋವು ಬಾರದಿರುವುದು. ಹೇಳಿ ಎದ್ದು ಬರಬೇಡಿ, ಅತ್ತೆಯ ಬಾಯಲ್ಲಿ ತಿರುಗಿ ಹೇಳಿಸಿ.

ದುಡ್ಡಿನ ವಿಷಯ. ಘಾನಾದಲ್ಲಿ 2008ರಿಂದ ಬಸುರಿಯರಿಗೆ ಆರೋಗ್ಯ ವಿಮೆ ಉಚಿತ. ಸಿಯೆರಾ ಲಿಯೋನ್‌ನಲ್ಲಿ 2010ರ ಏಪ್ರಿಲ್‌ನಿಂದ, ಬುರ್ಕಿನಾ ಫಾಸೊದಲ್ಲಿ 2016ರಿಂದ ಬಸುರಿಯರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ. ಕಾಗದದಲ್ಲಿ ಉಚಿತ. ಆದರೆ ಹೆರಿಗೆಗೆ ಬರುವಾಗ ಸೋಪು, ಡೆಟಾಲ್, ಪ್ಯಾಡ್, ಬಕೆಟ್, ಬಟ್ಟೆ ಅಂತ ಒಂದು ಪಟ್ಟಿ ಕೈಗಿಡುತ್ತಾರೆ. ಆ ಸಾಮಾನು ಇಲ್ಲ ಅನ್ನುವ ನಾಚಿಕೆಗೇ ಮನೆಯಲ್ಲಿ ಹೆರುವವರಿದ್ದಾರೆ. ಆ ಪಟ್ಟಿಯನ್ನು ಸಾಧ್ಯವಾದಷ್ಟು ಚಿಕ್ಕದು ಮಾಡಿಸಿ, ಉಳಿದದ್ದಕ್ಕೆ ಊರಲ್ಲೇ ಒಂದು ಪೆಟ್ಟಿಗೆ ಮಾಡಿ.

ನಮ್ಮಲ್ಲಿ ಚೀಟಿ ಹಾಕುವಂತೆ ಘಾನಾದಲ್ಲಿ ‘ಸುಸು’ ಇದೆ, ಸೆನೆಗಲ್ ಕಡೆ ‘ತೊಂತೀನ್’. ಹೆಂಗಸರ ಗುಂಪು ವಾರ ವಾರ ಹಾಕುವ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ಹೆರಿಗೆಯ ಗಾಡಿ ಬಾಡಿಗೆಗೆ ಅಂತ ತೆಗೆದಿಡಲು ಹೇಳಿ. ಆ ದುಡ್ಡಿಗೆ ಬಡ್ಡಿ ಬೇಡ. ಹೊರಗಿನವರು ಅದಕ್ಕೆ ದುಡ್ಡು ಸೇರಿಸುವುದೂ ಬೇಡ. ಸೇರಿಸಿದರೆ ಅದು ನಿಮ್ಮ ದುಡ್ಡಾಗುತ್ತೆ, ತೆಗೆದುಕೊಂಡವರು ವಾಪಸ್ ಕೊಡಲ್ಲ.

ಗಾಡಿ ಅಂದರೆ ಆಂಬ್ಯುಲೆನ್ಸೇ ಆಗಬೇಕಿಲ್ಲ. ಉತ್ತರ ಘಾನಾದಲ್ಲಿ ನಮ್ಮ ಲಗೇಜ್ ಆಟೋದಂಥ ಮೂರು ಚಕ್ರದ ಗಾಡಿ ಹಳ್ಳಿ ಹಳ್ಳಿಯಲ್ಲಿದೆ, ‘ಮೋಟರ್‌ಕಿಂಗ್’ ಅನ್ನುತ್ತಾರೆ. ಅದಕ್ಕೆ ಒಂದು ಹಾಸಿಗೆ, ಮೇಲೊಂದು ಟಾರ್ಪಾಲ್, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿದರೆ ಆಯಿತು. ಚಾಲಕನನ್ನು ಒಪ್ಪಿಸುವುದು ಹೇಗೆ? ಉತ್ತರ ನೈಜೀರಿಯಾದವರ ಉಪಾಯ ನನಗೆ ಬಹಳ ಇಷ್ಟ. ಅಲ್ಲಿ ಟ್ಯಾಕ್ಸಿ ಚಾಲಕರ ಸಂಘದ ಜೊತೆ ಒಪ್ಪಂದ ಮಾಡಿಕೊಂಡರು. ಹೆರಿಗೆಗೆ ಕರೆದುಕೊಂಡು ಹೋದ ಚಾಲಕ ನಿಲ್ದಾಣಕ್ಕೆ ವಾಪಸ್ ಬಂದಾಗ ಸಾಲಿನಲ್ಲಿ ಕಾಯಬೇಕಾಗಿಲ್ಲ. ಎಲ್ಲರಿಗಿಂತ ಮೊದಲು ಅವನ ಗಾಡಿಗೆ ಪ್ರಯಾಣಿಕರು. ಮೆಜೆಸ್ಟಿಕ್ ಆಟೋ ಸಾಲಿನಲ್ಲಿ ನಿಂತವರಿಗೆ ಗೊತ್ತು, ಅದರ ಬೆಲೆ ಏನು ಅಂತ.

6. ಹೆರಿಗೆಯ ಹೊತ್ತು

ಇಲ್ಲಿ ಅಡ್ಡದಾರಿ ಇಲ್ಲ, ತರಬೇತಿ ಪಡೆದ ಮಿಡ್‌ವೈಫ್ ಬೇಕೇ ಬೇಕು. ನಿಮ್ಮ ಕೆಲಸ ಅವಳ ಕೈಗೆ ಸಾಮಾನು ಸಿಗುವಂತೆ ನೋಡಿಕೊಳ್ಳುವುದು.

ತಾಯಂದಿರನ್ನು ಎಲ್ಲಕ್ಕಿಂತ ಜಾಸ್ತಿ ಕೊಲ್ಲುವುದು ಹೆರಿಗೆಯ ರಕ್ತಸ್ರಾವ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಮಾರ್ಚ್-ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಲ್ಲಿ, ಕರೆಂಟ್ ಇಲ್ಲದ ಕಪಾಟಿನಲ್ಲಿಟ್ಟರೆ ಅದು ಸುಮ್ನೆ ನೀರಿದ್ದಂತೆ. ಲಸಿಕೆಗೆ ಇರುವ ಸೋಲಾರ್ ಫ್ರಿಡ್ಜ್‌ನಲ್ಲೇ ಅದಕ್ಕೂ ಒಂದು ಡಬ್ಬಿ ಇಡಿಸಲು ಜಿಲ್ಲಾ ಕಚೇರಿಯ ಒಪ್ಪಿಗೆ ಪಡೆಯಿರಿ. ಫ್ರಿಡ್ಜ್ ಇಲ್ಲದ ಕಡೆ ಮಿಸೊಪ್ರೊಸ್ಟಾಲ್ ಮಾತ್ರೆ ಇದೆ, 200 ಮೈಕ್ರೊಗ್ರಾಂನ ಮೂರು. ಮಗು ಹೊರಗೆ ಬಂದಮೇಲೆ, ಒಳಗೆ ಇನ್ನೊಂದು ಮಗು ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ. ಮುಂಚೆ ಕೊಟ್ಟರೆ ಗರ್ಭಕೋಶವೇ ಒಡೆಯಬಹುದು.

ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳುವವರು ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ಬಟ್ಟೆ ಹೀರಿಕೊಂಡಿರುತ್ತೆ, ನೆಲ ಕುಡಿದಿರುತ್ತೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ನೈಜೀರಿಯಾ ಸೇರಿ ನಾಲ್ಕು ಆಫ್ರಿಕನ್ ದೇಶಗಳ ಆಸ್ಪತ್ರೆಗಳು ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯಲ್ಲಿ ರಕ್ತ ಅಳೆದು, ಬೇಗ ಕಂಡುಹಿಡಿದು, ಎಲ್ಲಾ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟವು. ತೀವ್ರ ರಕ್ತಸ್ರಾವದಂಥ ಅನಾಹುತ ನೂರಕ್ಕೆ 60 ಭಾಗ ಕಡಿಮೆಯಾಯಿತು. ಆ ಹಾಳೆ ನಿಮಗೆ ಸಿಗದಿದ್ದರೂ, ಅಳೆಯುವ ಅಭ್ಯಾಸ ಮಾಡಿಸಿ. ಅರ್ಧ ಲೀಟರ್ ಅಂದರೆ ಎಷ್ಟು ಅಂತ ಬಣ್ಣದ ನೀರು ಚೆಲ್ಲಿ ತೋರಿಸಿ.

ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್ ಇರಬೇಕು. ಉಸಿರಾಡದ ಮಗುವಿಗೆ ಗಾಳಿ ಒತ್ತುವ ಬ್ಯಾಗ್ ಮತ್ತು ಮಾಸ್ಕ್ ಇರಬೇಕು. ಕಪಾಟಿನೊಳಗೆ ಬೀಗ ಹಾಕಿ ಅಲ್ಲ, ಮಂಚದ ಪಕ್ಕದ ಮೊಳೆಯಲ್ಲಿ. ಹುಟ್ಟಿದ ಮೊದಲ ಒಂದು ನಿಮಿಷದಲ್ಲಿ ಒರೆಸಿ, ಬೆಚ್ಚಗೆ ಮಾಡಿ, ಬೆನ್ನು ಉಜ್ಜಿದರೂ ಉಸಿರು ಬರದಿದ್ದರೆ ಬ್ಯಾಗ್ ಒತ್ತಲು ಶುರು ಮಾಡಬೇಕು. ಬೀಗದ ಕೈ ಹುಡುಕಲು ಆ ನಿಮಿಷದಲ್ಲಿ ಜಾಗ ಇಲ್ಲ. ಗೊಂಬೆ ಇಟ್ಟುಕೊಂಡು ವಾರಕ್ಕೊಮ್ಮೆ ಅಭ್ಯಾಸ ಮಾಡಿಸಿ.

ಇನ್ನೊಂದು ಸಾಮಾನು ಯಾವ ಗೋದಾಮಿನಲ್ಲೂ ಸಿಗಲ್ಲ, ಮರ್ಯಾದೆ. ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್‌ಗಳಲ್ಲಿ ಹೆರಿಗೆ ಕೋಣೆಯಲ್ಲೇ ನಿಂತು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಗಸರು ಬೈಗುಳ, ಹೊಡೆತ ಅಥವಾ ಅವಮಾನ ಅನುಭವಿಸಿದ್ದರು. ಒಮ್ಮೆ ಬೈಸಿಕೊಂಡವಳು ಎರಡನೇ ಹೆರಿಗೆಗೆ ಬರಲ್ಲ, ತಂಗಿಗೂ ಹೋಗಬೇಡ ಅನ್ನುತ್ತಾಳೆ. ಅಮ್ಮನೋ ಅತ್ತೆಯೋ ಒಬ್ಬರು ಒಳಗಿರಲು ಬಿಡಿ. ಮಂಡಿಯೂರಿ ಹೆರುತ್ತೇನೆ ಅಂದರೆ ಬಿಡಿ. ಹೆತ್ತ ಮೇಲೆ ಬಿಸಿ ಗಂಜಿ ಕೊಡಿ.

ಸೂಲಗಿತ್ತಿಯರನ್ನು ಏನು ಮಾಡುವುದು? ನಮಗೆ ಪಾವಗಡದ ಸೂಲಗಿತ್ತಿ ನರಸಮ್ಮ ಗೊತ್ತು, 2018ರಲ್ಲಿ ಪದ್ಮಶ್ರೀ ಬಂತು. ಅಂಥ ಅಜ್ಜಿಯರು ಅಲ್ಲೂ ಇದ್ದಾರೆ. ಸಿಯೆರಾ ಲಿಯೋನ್‌ನಲ್ಲಿ ಎಷ್ಟೋ ಊರಿನ ಮುಖ್ಯಸ್ಥರು ಮನೆ ಹೆರಿಗೆಗೆ ದಂಡ ಹಾಕುವ ಕಟ್ಟಳೆ ತಂದರು. ಕೇಂದ್ರದ ಹೆರಿಗೆ ಹೆಚ್ಚಾಯಿತು ನಿಜ. ಆದರೆ ದಾರಿಯಲ್ಲೇ ಹೆತ್ತವಳೂ ದಂಡಕ್ಕೆ ಹೆದರಿ ಮುಚ್ಚಿಡುತ್ತಾಳೆ. ನನಗೆ ದಂಡಕ್ಕಿಂತ ಕೆಲಸ ಬದಲಿಸುವುದು ಸರಿ ಅನಿಸುತ್ತದೆ. ಸೂಲಗಿತ್ತಿ ಬಸುರಿಯನ್ನು ಕೇಂದ್ರಕ್ಕೆ ಕರೆತರಲಿ, ಪಕ್ಕದಲ್ಲಿ ಕೂತು ಬೆನ್ನು ನೀವಲಿ, ಅವಳಿಗೆ ಸಲ್ಲುವ ಮರ್ಯಾದೆ, ಸೋಪು, ಧಾನ್ಯ ಸಲ್ಲಲಿ. ಅವಳ ವರಮಾನ ಕಿತ್ತುಕೊಂಡು ಸಹಕಾರ ಕೇಳಿದರೆ ಯಾರು ಕೊಡುತ್ತಾರೆ?

7. ಮೊದಲ ವಾರ: ಹೊಕ್ಕುಳು, ಹಾಲು, ಅಜ್ಜಿ

ನರ್ಸ್ ಬಾಣಂತಿಯ ಮನೆಗೆ ಮೊದಲ ವಾರದಲ್ಲಿ ಎರಡು ಸಲವಾದರೂ ಹೋಗಲಿ. ಅಲ್ಲಿನ ಪದ್ಧತಿಯಂತೆ ಹೊಕ್ಕುಳ ಬಳ್ಳಿಗೆ ಶಿಯಾ ಬೆಣ್ಣೆ ಹಚ್ಚುತ್ತಾರೆ. ಬೆಣ್ಣೆ ಒಳ್ಳೆಯದೇ, ಮೈಗೆ ಹಚ್ಚಲಿ. ಹೊಕ್ಕುಳಿಗೆ ಬೇಡ. ಅಲ್ಲಿ ಏನಾದರೂ ಹಚ್ಚದೆ ಅಜ್ಜಿಯ ಮನಸ್ಸು ಒಪ್ಪಲ್ಲ ಅಂದರೆ ಸೋಂಕು ತಡೆಯುವ ಕ್ಲೋರ್‌ಹೆಕ್ಸಿಡಿನ್ ಜೆಲ್ ಇದೆ. ಒಂದು ಅಪಾಯ ಹೇಳಲೇಬೇಕು: ಕಣ್ಣಿನ ಔಷಧ ಅಂತ ತಪ್ಪು ತಿಳಿದು ಮಗುವಿನ ಕಣ್ಣಿಗೆ ಹಾಕಿದ ಪ್ರಕರಣಗಳಿವೆ, ಕಣ್ಣು ಹೋಗಬಹುದು. ಡ್ರಾಪ್ ಬಾಟಲಿಯಲ್ಲಿ ಬಂದದ್ದನ್ನು ತೆಗೆದುಕೊಳ್ಳಬೇಡಿ, ಟ್ಯೂಬ್‌ನಲ್ಲಿ ಬಂದದ್ದು ತರಿಸಿ.

ಹುಟ್ಟಿದ ಕೂಡಲೇ ಸ್ನಾನ ಬೇಡ, ಒಂದು ದಿನ ಕಾಯಲಿ. ಮೊದಲ ಗಂಟೆಯೊಳಗೆ ಎದೆಹಾಲು. ಆರು ತಿಂಗಳು ನೀರೂ ಬೇಡ. ಈ ಕೊನೆಯದು ಬಹಳ ಕಷ್ಟ. ಅಂಥ ಬಿಸಿಲಲ್ಲಿ ಮಗುವಿಗೆ ನೀರು ಕೊಡದಿರುವುದು ಪಾಪ ಅಂತ ಅಜ್ಜಿಗೆ ಅನಿಸುತ್ತದೆ. ಸೊಸೆಗೆ ಪಾಠ ಹೇಳಿ ಪ್ರಯೋಜನ ಇಲ್ಲ, ನೀರು ಕುಡಿಸುವುದು ಅಜ್ಜಿ. ಅಜ್ಜಿಯರನ್ನೇ ಕೂರಿಸಿ ಮಾತಾಡಿ. ‘ಹಾಲಿನಲ್ಲೇ ನೀರಿದೆ, ಬಾಯಾರಿಕೆ ಆದರೆ ಅಮ್ಮ ನೀರು ಕುಡಿಯಲಿ’ ಅನ್ನಿ. ಆಮೇಲೆ, ಆ ಅಮ್ಮನಿಗೆ ಹೊಲದಲ್ಲಿ ಕೂತು ಹಾಲೂಡಲು ನೆರಳು ಮತ್ತು ಹೊತ್ತು ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಉಪದೇಶ ವ್ಯರ್ಥ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗುವನ್ನು ಎದೆಗೆ ಮೈ ತಾಗಿಸಿ ಕಟ್ಟಿಕೊಳ್ಳಲಿ. ಮಗುವನ್ನು ಬೆನ್ನಿಗೆ ಕಟ್ಟುವ ಬಟ್ಟೆ ಅಲ್ಲಿ ಎಲ್ಲರ ಹತ್ತಿರ ಇದೆ. ಅದನ್ನೇ ಮುಂದಕ್ಕೆ ತಿರುಗಿಸಿದರಾಯಿತು.

8. ಐದು ವರ್ಷದವರೆಗೆ

ಇದು ಹೆಚ್ಚು ಕಡಿಮೆ ಎಲ್ಲಾ ಕಡೆ ಒಂದೇ. ಬೇಗ ಹೇಳಿ ಮುಗಿಸುತ್ತೇನೆ. ಸ್ವಯಂಸೇವಕಿಯ ಚೀಲದಲ್ಲಿ ಮಲೇರಿಯಾ ಪರೀಕ್ಷೆಯ ಕಿಟ್ ಮತ್ತು ಮಾತ್ರೆ, ಭೇದಿಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆ, ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್, ಉಸಿರು ಎಣಿಸಲು ಟೈಮರ್, ತೋಳು ಅಳೆಯುವ ಪಟ್ಟಿ. ಎರಡು ತಿಂಗಳಿಂದ ಒಂದು ವರ್ಷದ ಮಗು ನಿಮಿಷಕ್ಕೆ 50 ಅಥವಾ ಜಾಸ್ತಿ ಉಸಿರಾಡಿದರೆ, ಒಂದರಿಂದ ಐದು ವರ್ಷದ್ದು 40 ಅಥವಾ ಜಾಸ್ತಿ ಉಸಿರಾಡಿದರೆ ಎಚ್ಚರ. ಎರಡು ತಿಂಗಳೊಳಗಿನ ಮಗುವಾದರೆ ಚೀಲ ತೆರೆಯಬೇಡಿ, ನೇರ ಕೇಂದ್ರಕ್ಕೆ. ತೋಳಿನ ಪಟ್ಟಿ 115 ಮಿಲಿಮೀಟರ್‌ಗಿಂತ ಕೆಳಗೆ ಕೆಂಪು ತೋರಿಸಿದರೆ ಮಗುವಿಗೆ ತೀವ್ರ ಅಪೌಷ್ಟಿಕತೆ. ಆ ಪಟ್ಟಿಯನ್ನು ಅಮ್ಮಂದಿರ ಕೈಗೇ ಕೊಡಿ. ಬಣ್ಣ ನೋಡಲು ಓದು ಬೇಕಿಲ್ಲ.

ಮಳೆಗಾಲದ ತಿಂಗಳುಗಳಲ್ಲಿ ಚಿಕ್ಕ ಮಕ್ಕಳಿಗೆ ತಿಂಗಳಿಗೊಮ್ಮೆ ಮಲೇರಿಯಾ ತಡೆಯುವ ಮಾತ್ರೆ ಕೊಡುವ ಕಾರ್ಯಕ್ರಮ ಅಲ್ಲಿದೆ. ಮಲೇರಿಯಾ ಲಸಿಕೆಯೂ ಬಂದಿದೆ. 2019ರಲ್ಲಿ ಮೊದಲ ಲಸಿಕೆಯನ್ನು ಪ್ರಯೋಗವಾಗಿ ಕೊಟ್ಟ ಮೂರು ದೇಶಗಳಲ್ಲಿ ಘಾನಾ ಒಂದು. ಎರಡನೆಯದಾದ ಆರ್21ಗೆ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟದ್ದೂ ಘಾನಾವೇ, 2023ರಲ್ಲಿ. ಅದನ್ನು ತಯಾರಿಸುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಈ ಲಸಿಕೆಗೆ ನಾಲ್ಕು ಡೋಸ್ ಬೇಕು. ಕೊನೆಯದು ಮಗು ನಡೆದಾಡುವ ವಯಸ್ಸಿಗೆ ಬರುತ್ತದೆ, ಅಷ್ಟರಲ್ಲಿ ಅಮ್ಮ ಕಾರ್ಡನ್ನೇ ಮರೆತಿರುತ್ತಾಳೆ. ಹೆಸರು ಹಿಡಿದು ಮನೆಗೆ ಹೋಗಿ ಕರೆಯುವುದೇ ದಾರಿ.

9. ತಿಂಗಳ ಸಭೆ, ಮಳೆಗೆ ಮುಂಚಿನ ಸಭೆ

ತಿಂಗಳಿಗೊಮ್ಮೆ ನರ್ಸ್, ಸ್ವಯಂಸೇವಕರು, ಮಗಾಜಿಯಾ, ಗಾಡಿ ಚಾಲಕ, ಮುಖ್ಯಸ್ಥರ ಕಡೆಯವರೊಬ್ಬರು ಕೂರಲಿ. ನಾಲ್ಕೇ ಅಂಕಿ ಸಾಕು: ಹೊಸ ಬಸುರಿಯರೆಷ್ಟು, ಎಲ್ಲಿ ಎಷ್ಟು ಹೆರಿಗೆ, ಯಾರು ಸತ್ತರು, ಯಾವ ಔಷಧ ಮುಗಿದಿತ್ತು. ಸಾವು ಆಗಿದ್ದರೆ ಮೂರು ವಿಳಂಬದಲ್ಲಿ ಯಾವುದು ಅಂತ ನೋಡಿ. ‘ಯಾರ ತಪ್ಪು’ ಅಂತ ಹುಡುಕಿದ ದಿನವೇ ಮುಂದಿನ ಸಾವನ್ನು ಮುಚ್ಚಿಡುತ್ತಾರೆ.

ವರ್ಷದ ದೊಡ್ಡ ಸಭೆ ಏಪ್ರಿಲ್‌ನಲ್ಲಿ ಇಡಿ, ಮಳೆ ಹಿಡಿಯುವ ಮುಂಚೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನ ತುಂಬುವ ಬಸುರಿಯರ ಪಟ್ಟಿ ಮಾಡಿ. ಹಳ್ಳದ ಆಚೆ ಇರುವವರ ಹೆಸರಿಗೆ ಗುರುತು ಹಾಕಿ. ಅವರು ಕೊನೆಯ ಎರಡು ವಾರ ಹಳ್ಳದ ಈಚೆ ಯಾವ ನೆಂಟರ ಮನೆಯಲ್ಲಿರುತ್ತಾರೆ ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳಿ. ನೆಂಟರು ಇಲ್ಲದವರಿಗೆ ಕೇಂದ್ರದ ಪಕ್ಕ ಒಂದು ಕೋಣೆ, ಅಡುಗೆಗೆ ಒಲೆ, ಒಂದು ಸೊಳ್ಳೆಪರದೆ. ಕಟ್ಟಡ ಕಟ್ಟಲೇಬೇಕು ಅನ್ನುವವರು ಆ ಕೋಣೆಯನ್ನು ಕಟ್ಟಿಸಿ. ಮೋಟರ್‌ಕಿಂಗ್ ಟೈರ್ ನೋಡಿ. ಆಕ್ಸಿಟೋಸಿನ್ ಡಬ್ಬಿ ಎಣಿಸಿ. ಬೈಕ್ ಇರುವ ಮನೆಯಲ್ಲಿ ಐದು ಲೀಟರ್ ಪೆಟ್ರೋಲ್ ಕ್ಯಾನ್ ಇಟ್ಟು, ಅದರ ಮೇಲೆ ‘ಹೆರಿಗೆಗೆ ಮಾತ್ರ’ ಅಂತ ಬರೆಸಿ. ಓದಲು ಬಾರದವರಿಗಾಗಿ ತುಂಬಿದ ಹೊಟ್ಟೆಯ ಒಂದು ಚಿತ್ರವನ್ನೂ ಬಿಡಿಸಿ.